ನೀಲಕ್ಕನ ಪಂಕ್ತಿ

ನೀಲಕ್ಕ ಪೂಜೆ ಮಾಡುತ್ತಿದ್ದಳೋ ಶಿವನ ಜೊತೆ ಜಗಳ ತೆಗೆಯುತ್ತಿದ್ದಳೋ ಹೇಳುವುದು ಕಷ್ಟ. ಬೆಳಿಗ್ಗೆ ಜಳಕ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಕೂತಳೆಂದರೆ ಮಂತ್ರಕ್ಕಿಂತ ಮೊದಲು ತಕರಾರು ಶುರುವಾಗುತ್ತಿತ್ತು.

"ನೋಡಪಾ, ನಿನ್ನೆ ಮತ್ತೊಬ್ಬಾಕಿನ್ನ ನನ್ನ ಬಾಗಲಿಗಿ ಕಳಿಸೀದಿ. ಕಳಿಸು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆಕೀ ಪಾಲಿನ ಜ್ವಾಳಾನೂ ನೀನ ಕಳಸಬೇಕು. ಅದನ್ಯಾಕ ಮರೀತಿ?"

ಒಲೆಯ ಮುಂದೆ ಕೂತ ನಾವು ಸೆರಗು ಬಾಯಿಗೊತ್ತಿ ನಗುತ್ತಿದ್ದೆವು. ಆಕೆ ಕಣ್ಣು ತೆರೆಯದೆಯೇ, "ನಗೂದು ಸಾಕು, ರೊಟ್ಟಿ ಹೊತ್ತಾಕತ್ತೈತಿ" ಅನ್ನುತ್ತಿದ್ದಳು.

ನೀಲಕ್ಕನ ತವರು ಬಬಲೇಶ್ವರ, ಕೊಟ್ಟ ಊರು ತಿಕೋಟಾ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಅವಳು ಎರಡೂ ಮನೆಗಳ ಹಂಗು ಬಿಟ್ಟು ವಿಜಯಪುರಕ್ಕೆ ಬಂದು, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ತೆರೆದಳು. ಎತ್ತರದ ಹೆಂಗಸು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಪೊಲೀಸರೂ ತಟ್ಟೆಯಲ್ಲಿ ಅನ್ನ ಬಿಡಲು ಹೆದರುತ್ತಿದ್ದರು. ದೊಡ್ಡ ಹಟಮಾರಿ. ತಪ್ಪು ತನ್ನದೇ ಇದ್ದರೂ ಒಪ್ಪುತ್ತಿರಲಿಲ್ಲ. ಚೌಕಾಬಾರ ಆಡುವಾಗ ನಮ್ಮ ಕಣ್ಣೆದುರೇ ಕವಡೆ ತಿರುವಿ ಹಾಕಿ, "ಹಂಗ ಬಿದ್ದಾವ, ನಾ ಏನ ಮಾಡ್ಲಿ?" ಎಂದು ದಬಾಯಿಸುತ್ತಿದ್ದಳು.

ಅವಳು ನನ್ನ, ಅವ್ವನ ಬದುಕಿನೊಳಗೆ ಬಂದದ್ದು ತಿಕೋಟಾದ ನಮ್ಮ ಮನೆಯ ದನದ ಕೊಟ್ಟಿಗೆಯ ಮುಂದೆ.

ನನ್ನಪ್ಪ ದ್ರಾಕ್ಷಿ ಲಾರಿ ಓಡಿಸುತ್ತಿದ್ದ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಸೊರಗಿ ಸೊರಗಿ ಸತ್ತ. ಏಡ್ಸ್ ಎಂದು ಆಸ್ಪತ್ರೆಯವರು ಹೇಳಿದರು. ಆಮೇಲೆ ನನ್ನ, ಅವ್ವನ ರಕ್ತ ಪರೀಕ್ಷೆ ಮಾಡಿದರು. ನನಗೆ ಸೋಂಕು ಇರಲಿಲ್ಲ, ಅವ್ವನಿಗೆ ಇತ್ತು. ಗುಳಿಗೆ ನುಂಗುತ್ತ ಎಲ್ಲರ ಹಾಗೆ ಬಾಳಬಹುದು, ಒಂದೇ ತಟ್ಟೆಯಲ್ಲಿ ಉಂಡರೂ ಇದು ಹತ್ತುವುದಿಲ್ಲ ಎಂದು ಡಾಕ್ಟರು ಅಪ್ಪನ ತಮ್ಮ, ನನ್ನ ಕಾಕಾನಿಗೆ ಬಿಡಿಸಿ ಹೇಳಿದ್ದರು. ಕಾಕಾ ತಲೆಯಾಡಿಸಿದ. ಮನೆಗೆ ಬಂದವನೇ ಅವ್ವನ ಹಾಸಿಗೆಯನ್ನು ಕೊಟ್ಟಿಗೆಗೆ ಹಾಕಿಸಿದ. ಅವಳಿಗೊಂದು ಬೇರೆ ತಟ್ಟೆ, ಬೇರೆ ಚರಗಿ. ಮೇಲಿನಿಂದ ನೀಡುತ್ತಿದ್ದರು. ಅವ್ವ ಕಸ್ತೂರಿ ಎಂಬ ತನ್ನ ಹೆಸರನ್ನೇ ಮರೆತವಳ ಹಾಗೆ ಕೂತಿರುತ್ತಿದ್ದಳು.

ಮರುವರ್ಷ ಅಜ್ಜ ತೀರಿಕೊಂಡಾಗ ದಿನಕರ್ಮದ ಊಟಕ್ಕೆ ಬೀಗರೆಲ್ಲ ಬಂದರು. ನೀಲಕ್ಕ ನನ್ನಜ್ಜಿಯ ತಮ್ಮನ ಮಗಳು, ಅವಳೂ ಬಂದಿದ್ದಳು. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಬಡಿಸಿದ ತಟ್ಟೆ ಮುಂದಿಟ್ಟುಕೊಂಡ ನೀಲಕ್ಕನ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು. ಎದ್ದಳು. ತಟ್ಟೆ ಹಿಡಿದುಕೊಂಡು ನಡೆದು ಹೋಗಿ ಅವ್ವನ ಎದುರಿಗೆ, ಸಗಣಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಕಾಕಾ ಓಡಿ ಬಂದ. "ಅಕ್ಕಾ, ಅಲ್ಲಿ ಕೂಡಬ್ಯಾಡ. ಆಕೀಗಿ ಆ ರೋಗ ಐತಿ."

"ಗೊತ್ತೈತಿ. ಆಕೀಗಿ ಆ ರೋಗ ಐತಿ, ನಿಮಗೇನ ಆಗೇತಿ?"

ನೀಲಕ್ಕ ತನ್ನ ತಟ್ಟೆಯ ಹೋಳಿಗೆ ಮುರಿದು ಅರ್ಧ ಅವ್ವನ ತಟ್ಟೆಗೆ ಹಾಕಿದಳು. "ಕಸ್ತೂರಿ, ರೊಟ್ಟಿ ಬಡಿಯಾಕ ಬರ್ತೈತೇನ?"

"ಬರ್ತೈತ್ರಿ" ಎಂದಳು ಅವ್ವ, ಕೇಳಿಸದಷ್ಟು ಮೆತ್ತಗೆ.

"ಹಂಗಾರ ಉಂಡು ಚೀಲ ಕಟ್ಟು. ಮಗಳನ್ನೂ ಕರಕೋ."

ಅಂದೇ ಸಂಜೆ ಮೂವರೂ ವಿಜಯಪುರದ ಬಸ್ಸು ಹತ್ತಿದೆವು. ಕಾಕಾ ತಡೆಯಲಿಲ್ಲ, ಅವನಿಗೂ ಅದೇ ಬೇಕಾಗಿತ್ತು.

ಖಾನಾವಳಿಯಲ್ಲಿ ಅವ್ವನ ಕೈ ಮತ್ತೆ ಚುರುಕಾಯಿತು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಪೂರಿಯ ಹಾಗೆ ಉಬ್ಬುತ್ತಿತ್ತು. ಗುಳಿಗೆಯಿಂದ ಮೈಯೂ ತುಂಬಿಕೊಂಡಿತು. ಆದರೆ ತಿಕೋಟಾದಿಂದ ವಿಜಯಪುರಕ್ಕೆ ಸುದ್ದಿ ಬರಲು ಎಷ್ಟು ಹೊತ್ತು? ಖಾನಾವಳಿಯ ಕಟ್ಟಡದ ಮಾಲೀಕ ಮಲ್ಲಪ್ಪ ಸಾವುಕಾರ ದಿನಾ ಅಲ್ಲೇ ಉಣ್ಣುತ್ತಿದ್ದ. ಒಂದು ಮಧ್ಯಾಹ್ನ ಪಂಕ್ತಿ ತುಂಬಿದ್ದಾಗ ಎದ್ದು ನಿಂತ.

"ನೀಲವ್ವಾ, ಒಳಗ ರೊಟ್ಟಿ ಬಡಿಯಾಕಿಗಿ ಏಡ್ಸ್ ಐತಂತ, ಖರೇನ?"

ಕೈಗಳೆಲ್ಲ ತಟ್ಟೆಯಲ್ಲೇ ನಿಂತವು. ನೀಲಕ್ಕ ಒಳಗೆ ಬಂದಳು. ಅವ್ವ ಹಿಟ್ಟಿನ ಕೈಯಲ್ಲೇ ಗೋಡೆಗೆ ಸರಿದು ಕೂತಿದ್ದಳು. ನೀಲಕ್ಕ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದಳು: "ನಾ ಏನಂತ ಹೇಳ್ಲಿ, ನೀನ ಹೇಳು. ಇಲ್ಲ ಅನ್ನೂದಿದ್ರ ಇಲ್ಲ ಅಂತೇನಿ."

ಅವ್ವ ಮುಂದಿದ್ದ ಹಿಟ್ಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹೇಳ್ರಿ ಅಕ್ಕಾ. ಅಡಗಿ ಕೂತು ಸಾಕಾಗೇತಿ ನನಗ" ಎಂದಳು.

ನೀಲಕ್ಕ ಅವಳ ಕೈ ಹಿಡಿದು ಹೊರಗೆ ಕರೆತಂದು ಪಂಕ್ತಿಯ ನಡುವೆ ಕೂರಿಸಿದಳು. ತಾನೂ ಕೂತಳು. ಇಬ್ಬರಿಗೂ ಒಂದೇ ತಟ್ಟೆ. ರೊಟ್ಟಿ ಮುರಿದು ಅವ್ವನ ಕೈಗೆ ಕೊಟ್ಟು, ಅವಳ ಕೈಯಿಂದಲೇ ಒಂದು ತುತ್ತು ತಾನು ಉಂಡಳು. ಆಮೇಲೆ ತಲೆ ಎತ್ತಿದಳು.

"ಖರೇ ಐತಿ ಸಾವುಕಾರ್ರ. ಆಸ್ಪತ್ರ್ಯಾಗ ಕೇಳಕೊಂಡ ಬರ್ರಿ, ಉಣ್ಣೂದ್ರಿಂದ ಇದು ಹತ್ತೂದಿಲ್ಲ. ಉಣ್ಣಾವ್ರು ಉಣ್ರಿ, ಏಳಾವ್ರು ಏಳ್ರಿ. ಗೊತ್ತಿಲ್ದ ಉಂಡ್ರ ಅದು ನನ್ನ ಮೋಸ. ಗೊತ್ತಿದ್ದು ಉಂಡ್ರ ಅದು ಪ್ರಸಾದ."

ಒಬ್ಬೊಬ್ಬರಾಗಿ ಎದ್ದರು. ಎಷ್ಟೋ ವರ್ಷಗಳಿಂದ ಉಂಡವರು ಕೈ ಕೂಡ ತೊಳೆಯದೆ ಹೋದರು. ಉಳಿದವನು ಎದುರಿನ ಸ್ಟೋವ್ ರಿಪೇರಿ ಅಂಗಡಿಯ ಮೆಹಬೂಬ್ ಚಾಚಾ ಒಬ್ಬನೇ. ಅವನು ಬೆರಳು ನೆಕ್ಕಿಕೊಂಡು, "ತಂಗೀ, ಪಲ್ಯಾ ಐತಿ, ರೊಟ್ಟಿ ಮುಗದೈತಿ. ಬಿಸೀದು ಇನ್ನೊಂದು ಬರ್ಲಿ" ಎಂದ. ಅವ್ವ ಅಳುತ್ತಲೇ ಎದ್ದು ಹೋಗಿ ರೊಟ್ಟಿ ಬಡಿದಳು.

ಸಾವುಕಾರ ಕೆಟ್ಟವನಲ್ಲ, ಹೆದರಿದವನು. ಮರುದಿನ ಒಬ್ಬನೇ ಬಂದು ದಾರಿ ಹೇಳಿಕೊಟ್ಟ. ಕಸ್ತೂರಿ ಹಿತ್ತಲ ಕಸ ಹೊಡೆದುಕೊಂಡಿರಲಿ, ರೊಟ್ಟಿ ಮುಟ್ಟುವುದು ಬೇಡ, ಜನ ತಾವಾಗಿಯೇ ಮರೆಯುತ್ತಾರೆ. ಇಲ್ಲವಾದರೆ ಜಾಗ ಖಾಲಿ ಮಾಡಬೇಕು.

ನೀಲಕ್ಕ ಕೊರಳಿನ ಲಿಂಗವನ್ನು ಹಿಡಿದುಕೊಂಡಳು. "ಸಾವುಕಾರ್ರ, ನಿಮ್ಮ ಕೊರಳಾಗೂ ಇದ ಐತಿ. ಎಲ್ಲಾರೊಳಗೂ ಅಂವ ಅದಾನ ಅಂತ ನಂಬಿ ಕಟಗೊಂಡಿದ್ದು. ಕಸ್ತೂರಿಯೊಳಗ ಅಂವ ಇಲ್ಲ ಅನ್ನೂದಾದ್ರ ಇಬ್ಬರೂ ಈಗ ಇಲ್ಲೇ ಬಿಚ್ಚಿ ಇಡೂಣು. ಅದಾನ ಅನ್ನೂದಾದ್ರ ಆಕಿ ರೊಟ್ಟಿ ಬಡೀತಾಳ, ಮುಂದ ಕೂತ ಬಡೀತಾಳ. ನಿಮ್ಮ ಜಾಗಾ ನೀವ ಇಟಗೋರಿ."

ಆ ರಾತ್ರಿ ಅವ್ವ ಚೀಲ ಕಟ್ಟತೊಡಗಿದಾಗ ನೀಲಕ್ಕ ಅದನ್ನು ಕಸಿದು ಅಟ್ಟಕ್ಕೆ ಎಸೆದಳು. "ನೀ ಹೋದ್ರ ಅವರ ಮಾತು ಖರೇ ಆಕ್ಕೈತಿ. ಅವರನ್ನ ಗೆಲಸಾಕ ನಿನ್ನ ಕರಕೊಂಡ ಬಂದಿಲ್ಲ ನಾ."

ಭೂತನಾಳದ ರಸ್ತೆಯಲ್ಲಿ ಮೆಹಬೂಬ್ ಚಾಚಾನ ಖಾಲಿ ಜಾಗವಿತ್ತು. ಅಲ್ಲಿ ತಗಡಿನ ಶೆಡ್ಡು ಹಾಕಿದೆವು. ಒಲೆಯನ್ನು ಹಿಂದೆ ಅಲ್ಲ, ರಸ್ತೆಗೆ ಎದುರಾಗಿ ಹೂಡಿಸಿದಳು. ಮೊದಲ ತಿಂಗಳುಗಳಲ್ಲಿ ಮಾಡಿದ ರೊಟ್ಟಿ ಮಾಡಿದ ಹಾಗೇ ಉಳಿಯುತ್ತಿತ್ತು. ಅವನ್ನು ಬಿಸಿಲಿಗೆ ಒಣಗಿಸಿ ಖಡಕ್ ರೊಟ್ಟಿ ಎಂದು ಕಟ್ಟಿಟ್ಟು, ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದಳು. ಬಬಲೇಶ್ವರದ ಅವಳ ಅಣ್ಣ ಬಸಪ್ಪ ಮಾತು ಬಿಟ್ಟ. ಅವಳ ಪೂಜೆಯ ಜಗಳ ಆ ದಿನಗಳಲ್ಲಿ ಬಹಳ ಜೋರಾಗಿತ್ತು. ಒಂದು ಮುಂಜಾನೆ ಮಾತ್ರ ಅವಳು ಏನೂ ಅನ್ನದೆ, ಲಿಂಗದ ಮೇಲೆ ಕಣ್ಣೀರು ಬೀಳಿಸುತ್ತ ಕೂತಿದ್ದನ್ನು ನಾನು ನೋಡಿದೆ. ಎದ್ದ ಮೇಲೆ ಎಂದಿನಂತೆ ಬೈಯತೊಡಗಿದಳು.

ಊಟಕ್ಕೆ ಮೊದಲು ಬಂದವರು ಆಸ್ಪತ್ರೆಯ ನರ್ಸುಗಳು. ಅವರು ಉಣ್ಣುವುದನ್ನು ನೋಡಿ ಕಟ್ಟಡ ಕೆಲಸದವರು ಬಂದರು, ಆಮೇಲೆ ಲಾರಿಯವರು. ಆದರೆ ಈ ಊಟದವರಿಗಿಂತಲೂ ಮೊದಲೇ, ಅವ್ವನ ಸುದ್ದಿ ಕೇಳಿ, ಅದೇ ಸೋಂಕಿನ ಹೆಂಗಸರು ಆಸರೆಗೆ ಬಂದಿದ್ದರು. ಕನಮಡಿಯಿಂದ ಗಂಡನ ಮನೆಯವರು ಹೊರಹಾಕಿದ ಒಬ್ಬಳು, ಅರಕೇರಿಯಿಂದ ಕೂಸು ಎತ್ತಿಕೊಂಡ ಇನ್ನೊಬ್ಬಳು. ಯಾರಿಗೂ ನೀಲಕ್ಕ ಕನಿಕರ ತೋರಿಸಲಿಲ್ಲ. ಹಿಟ್ಟು ತೋರಿಸಿದಳು. ಮಂತ್ರಿಸಿದ ಬೂದಿ ನಂಬಿ ಗುಳಿಗೆ ಬಿಟ್ಟವಳಿಗೆ, "ಶಿವಾ ಬೂದಿಯೊಳಗ ಅದಾನ ಅಂದ್ರ ಗುಳಿಗಿಯೊಳಗೂ ಅದಾನ, ನುಂಗು ಸುಮ್ಕ" ಎಂದು ಎದುರಿಗೆ ನಿಂತು ನುಂಗಿಸಿದಳು. ನನ್ನನ್ನು ಒಲೆ ಹತ್ತಿರ ಹೆಚ್ಚು ಹೊತ್ತು ಕೂರಗೊಡಲಿಲ್ಲ. "ರೊಟ್ಟಿ ಬಡಿಯಾಕ ನಾವು ಭಾಳ ಮಂದಿ ಅದೀವಿ, ನೀ ಓದು" ಎಂದು ಕಾಲೇಜಿಗೆ ಅಟ್ಟಿದಳು. ನಾನೀಗ ಊರಿನ ಒಂದು ಸಾಲೆಯಲ್ಲಿ ಗಣಿತ ಕಲಿಸುತ್ತೇನೆ.

ಹೋದ ಚಳಿಗಾಲದಲ್ಲಿ ನೀಲಕ್ಕ ನಿದ್ದೆಯಲ್ಲೇ ಲಿಂಗೈಕ್ಯಳಾದಳು. ಇಷ್ಟು ವರ್ಷ ಮಾತು ಬಿಟ್ಟಿದ್ದ ಬಸಪ್ಪ ಮಾಮಾ ಬಂದು, ತಂಗಿಯ ಮಣ್ಣು ತವರಿನ ಹೊಲದಲ್ಲೇ ಆಗಬೇಕೆಂದು ಹಟ ಹಿಡಿದು ಬಬಲೇಶ್ವರಕ್ಕೆ ಒಯ್ದ. ಖಾನಾವಳಿಯ ಹೆಂಗಸರು ನಾವೆಲ್ಲ ಟಂಟಂ ಗಾಡಿ ಮಾಡಿಕೊಂಡು ಹಿಂದಿನಿಂದ ಹೋದೆವು. ದೇಹವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮನ್ನು ಕಂಡು ಮಾಮಾ ಬಾಗಿಲಿಗೆ ಅಡ್ಡ ನಿಂತ.

"ಹೊರಗ ನಿಂತು ದರ್ಶನಾ ತಗೋರಿ. ಜಳಕಾ ಮಾಡಸೂದೈತಿ, ನೀವು ಮುಟ್ಟಬ್ಯಾಡ್ರಿ."

ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಹೋದಳು.

"ಅಣ್ಣಾರ, ಇಷ್ಟು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡ ಮೈ ಇದು. ಈಗ ಹೊಸದಾಗಿ ಏನ ಮೈಲಿಗಿ ಆಗೂದೈತಿ? ಸರೀರಿ ಅತ್ತಾಗ."

ಮಾಮಾ ಸರಿಯಲಿಲ್ಲ. ಅವ್ವನೂ ಹಿಂದೆ ಬರಲಿಲ್ಲ. ಅಷ್ಟರಲ್ಲಿ ಮಾಮಾನ ಹೆಂಡತಿ ಒಳಗಿನಿಂದ ಬಿಸಿನೀರಿನ ಕೊಡ ಹೊತ್ತು ಬಂದು, ಗಂಡನ ಹೆಗಲ ಪಕ್ಕದಿಂದ ತೂರಿ, ಕೊಡವನ್ನು ಅವ್ವನ ಕೈಗೇ ಕೊಟ್ಟಳು. "ಬಾ ತಂಗಿ, ನೀರು ಆರತಾವ" ಎಂದಳು.

ಜಳಕ ಮಾಡಿಸಿದವರು ನಾವೇ. ಹೊಸ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿದೆವು. ಕನಮಡಿಯ ಹೆಂಗಸು ಅವಳ ಪಾದ ಒರೆಸಿ ಸೆರಗಿನಲ್ಲಿ ಸುತ್ತಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಹೊಲದಲ್ಲಿ, ಅವಳನ್ನು ಗುಂಡಿಯಲ್ಲಿ ಕೂರಿಸಿ ಬಿಲ್ವಪತ್ರಿ ಹಾಕಿದ ಮೇಲೆ, ಮೊದಲ ಮಣ್ಣು ಯಾರದು ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೇಳಿದರು. ಊರವರೆಲ್ಲ ಬಸಪ್ಪ ಮಾಮಾನ ಮುಖ ನೋಡಿದರು. ಅವ್ವ ಯಾರ ಮುಖವನ್ನೂ ನೋಡಲಿಲ್ಲ. ಆಗಲೇ ಬಗ್ಗಿ, ಎರಡೂ ಕೈ ತುಂಬ ಕರಿಮಣ್ಣು ಎತ್ತಿಕೊಂಡಿದ್ದಳು.