ಬಾವೈಕ್ಯ

ನಮ್ಮ ಮನೆಯ ಬಾಲ್ಕನಿಯಲ್ಲಿ ಕುಡಿಯುವ ನೀರಿನ ಕ್ಯಾನುಗಳ ಮೇಲೆ ಒಂದು ಹಳೆಯ ಫ್ಲೆಕ್ಸ್ ಹೊದಿಸಿದ್ದೇವೆ. ರಿಯಾದಿನ ಧೂಳು ಕರೆಯದೆ ಬರುವ ನೆಂಟ. ಕಿಟಕಿ ಮುಚ್ಚಿದರೂ ಒಳಗೆ ಬಂದು ಒಳ್ಳೆಯ ಜಾಗ ನೋಡಿಕೊಂಡೇ ಕೂರುತ್ತದೆ. ಅದಕ್ಕಾಗಿ ಈ ಏರ್ಪಾಟು. ಫ್ಲೆಕ್ಸಿನ ಮೇಲೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಹೆಸರೂ, ಅದರ ಕೆಳಗೆ ದಪ್ಪ ಕೆಂಪು ಅಕ್ಷರಗಳಲ್ಲಿ ‘ಬಾವೈಕ್ಯ ಸಮಾವೇಶ’ ಎಂಬ ಮಾತೂ ಇವೆ. ಕನ್ನಡ ಬಲ್ಲ ಅತಿಥಿಗಳು ಬಂದರೆ ಮೊದಲು ಆ ‘ಬಾ’ವನ್ನೇ ದಿಟ್ಟಿಸುತ್ತಾರೆ. ಹೊಟ್ಟೆ ಸೀಳುವುದು ಬಿಟ್ಟುಹೋಗಿದೆಯಲ್ಲ ಎಂದು ಮೆಲ್ಲಗೆ ಹೇಳುತ್ತಾರೆ. ಹೌದು, ಬಿಟ್ಟುಹೋಗಿದೆ. ಆದರೆ ಅದು ಬಿಟ್ಟುಹೋದದ್ದರಿಂದ ಏನೇನು ಕೂಡಿಕೊಂಡಿತು ಎಂಬುದನ್ನು, ನಿಮಗೆ ಬಿಡುವಿದ್ದರೆ, ಹೇಳುತ್ತೇನೆ.

ಘಟ್ಟದ ಬುಡದಲ್ಲಿದ್ದ ನಮ್ಮ ಕಾಲೇಜಿನ ಹಾಸ್ಟೆಲಿಗೆ, ನಾನು ಸೇರುವ ಮೊದಲೇ, ರಝಾಕ್ ಬಾವ ಎಂಬ ಬ್ಯಾರಿ ಹುಡುಗನೊಬ್ಬ ಸೇರಿದ್ದನಂತೆ. ಕರಾವಳಿಯ ಬ್ಯಾರಿಗಳಲ್ಲಿ ‘ಬಾವ’ ಎಂಬುದು ಹೆಸರಿನ ಜೊತೆಗೇ ಬರುವುದುಂಟು. ಘಟ್ಟದ ಮೇಲಿನಿಂದ ಬಂದ ವಾರ್ಡನ್ನರಿಗೆ ಅದು ಗೊತ್ತಿಲ್ಲ. ಹಾಜರಿ ಕರೆಯುವಾಗ ಆ ಹೆಸರಿನ ಬಳಿ ನಿಂತು, ಕನ್ನಡಕ ತೆಗೆದು, ಯಾರಿಗಪ್ಪಾ ಬಾವ ಎಂದು ಕೇಳಿದರಂತೆ. ಎಲ್ಲರಿಗೂ ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಬಾವನ ಬಾವ ಬಾವನೇ ತಾನೇ? ವರ್ಷ ಮುಗಿಯುವುದರೊಳಗೆ ಹಾಸ್ಟೆಲಿನ ಪ್ರತಿಯೊಬ್ಬನೂ ಉಳಿದವರಿಗೆಲ್ಲ ಬಾವನಾದ. ನಾನು ಸೇರುವ ಹೊತ್ತಿಗೆ ರಝಾಕ್ ಹೊರಟುಹೋಗಿದ್ದ, ಸಂಬಂಧ ಮಾತ್ರ ಉಳಿದಿತ್ತು. ತುಳು ಮಾತಾಡುವ ನಾನು, ಭಟ್ಕಳದ ನವಾಯತರು, ಕೊಂಕಣಿಯವರು, ಎಲ್ಲ ಆ ಒಂದೇ ಮಾತಿನ ಚಾವಡಿಯಲ್ಲಿ ಕೂತು ಗಂಜಿ ಉಂಡೆವು.

ಹಳೆ ವಿದ್ಯಾರ್ಥಿ ಸಂಘಗಳ ಭಾಷಣಗಳಲ್ಲಿ ಭ್ರಾತೃತ್ವವೆಂಬ ಮಾತು ಧಾರಾಳವಾಗಿ ಬರುತ್ತದೆ. ನನಗೆ ಆ ಮಾತಿನ ಮೇಲೆ ಸ್ವಲ್ಪ ಗುಮಾನಿ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಅಣ್ಣತಮ್ಮಂದಿರ ನಡುವೆ ಎಲ್ಲೋ ಒಂದು ಕಡೆ ಪಾಲಿನ ಗೆರೆ ಇದ್ದೇ ಇರುತ್ತದೆ. ಬಾವನ ಸಂಗತಿ ಹಾಗಲ್ಲ. ಅವನಿಗೆ ನಮ್ಮ ಆಸ್ತಿಯಲ್ಲಿ ಪಾಲಿಲ್ಲ, ನಮ್ಮನ್ನು ಗೇಲಿ ಮಾಡುವ ಹಕ್ಕು ಮಾತ್ರ ಪೂರ್ತಿ ಇದೆ. ಬೇರೆ ಮನೆಯಿಂದ ಬಂದವನಾದ್ದರಿಂದ ಎಲೆಯ ಮೇಲೆ ಮೊದಲು ಬಡಿಸುವುದೂ ಅವನಿಗೇ. ರಕ್ತದಿಂದಲ್ಲದೆ ಒಂದು ಗಂಟಿನಿಂದ ನಮ್ಮವನಾದವನು ಅವನು. ಹೊಟ್ಟೆ ಸೀಳಿದ ಭಾವ ಮನಸ್ಸಿನಲ್ಲಿರುತ್ತದೆ, ಸೀಳದ ಬಾವ ಮನೆಗೆ ಬರುತ್ತಾನೆ. ಎರಡೂ ಇಲ್ಲದವನದು ಬರೀ ಅಭಾವ.

ಆ ಅಭಾವವೇ ನಮ್ಮ ಸಂಘದ ರಿಯಾದ್ ಘಟಕಕ್ಕೂ ಬಂದಿತ್ತು. ಒಬ್ಬೊಬ್ಬರಾಗಿ ಹಳಬರು ಕೆಲಸ ಮುಗಿಸಿ, ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆಸಿಕೊಂಡು ಊರು ಸೇರಿದರು. ಹೊಸಬರು ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳೆತ್ತಿ ಮುಗಿಸುತ್ತಿದ್ದರು. ಘಟಕದ ಅಧ್ಯಕ್ಷರು ಇಲ್ಲಿನ ಒಲಾಯಾ ಬಡಾವಣೆಯಲ್ಲಿ ಬಟ್ಟೆ ಅಂಗಡಿಗಳಿರುವ ಭಟ್ಕಳದ ಝುಬೇರ್ ಸಾಹೇಬರು, ಹಾಸ್ಟೆಲಿನಲ್ಲಿ ನನಗಿಂತ ಹಿರಿಯರು. ಘಟಕವನ್ನು ಬೆಳೆಸಲೇಬೇಕೆಂದು ಅವರು ಹಟ ತೊಟ್ಟರು. ಬೆಳೆಸುವುದೆಂದರೆ ಕ್ರಮಬದ್ಧವಾಗಿ ಬೆಳೆಸುವುದು ಎಂಬುದು ಅವರ ವ್ಯಾಪಾರದ ಶಿಸ್ತು. ಹಾಗಾಗಿ ಪದವಿ ಪಡೆದವರಿಗೆ ಮಾತ್ರ ಸದಸ್ಯತ್ವ, ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಬ್ಯಾಚನ್ನು ಹೇಳಿ ಪರಿಚಯಿಸಿಕೊಳ್ಳಬೇಕು ಎಂದು ನಿಯಮವಾಯಿತು. ಅಷ್ಟರಲ್ಲಿ ಅವರನ್ನು ಬಾವ ಎನ್ನುವವರು ಯಾರೂ ಉಳಿದಿರಲಿಲ್ಲ. ನಾನೂ ಸಾಹೇಬರೇ ಎನ್ನುತ್ತಿದ್ದೆ.

ಅದೇ ದಿನಗಳಲ್ಲಿ ಕಂಪೆನಿಯ ಕೆಲಸಕ್ಕೆಂದು ಉತ್ತರದ ದೂರದ ಪಟ್ಟಣ ಹಫ್ರ್ ಅಲ್ ಬಾತಿನ್‌ಗೆ ಹೋಗಿದ್ದೆ. ಕಾರಿನ ಬ್ಯಾಟರಿ ಕೈಕೊಟ್ಟು ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ನುಗ್ಗಿದೆ. ನಾನು ಮನೆಗೆ ಫೋನಿನಲ್ಲಿ ತುಳು ಮಾತಾಡುವುದನ್ನು ಕೇಳಿ ಕೌಂಟರಿನಲ್ಲಿದ್ದವನು ಊರು ಎಲ್ಲಿ ಎಂದು ವಿಚಾರಿಸಿದ. ಹನೀಫ್ ಅವನ ಹೆಸರು. ನನ್ನ ನಂತರ ಅದೇ ಹಾಸ್ಟೆಲಿನಲ್ಲಿದ್ದವನು. ತಂದೆ ಹಾಸಿಗೆ ಹಿಡಿದಾಗ ಬಂದ ವೀಸಾವನ್ನು ಬಿಡಲಾಗದೆ ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟಿದ್ದ. ನಮ್ಮ ಸಭೆಗಳ ಫೋಟೋಗಳನ್ನೆಲ್ಲ ಅವನು ಮೊಬೈಲಿನಲ್ಲಿ ನೋಡುತ್ತಿದ್ದನಂತೆ, ಬರುವ ಧೈರ್ಯ ಮಾತ್ರ ಬಂದಿರಲಿಲ್ಲ. ಈಗ ಅವನ ಮಗಳು ಸಫಾ ನಮ್ಮ ಕಾಲೇಜಿಗೇ ಸೇರಿದ್ದಾಳೆ. ‘ಅಬ್ಬಾ, ನಿಮ್ಮದು ಯಾವ ಬ್ಯಾಚ್’ ಎಂದು ಅವಳು ಅಪ್ಪನನ್ನು ಕೇಳಿದಾಗಲೆಲ್ಲ ಇವನು ಮಾತು ಮರೆಸುತ್ತಾನೆ. ಸಂಘದವರೂ ಇಲ್ಲವೆಂದುಬಿಟ್ಟರೆ ಇನ್ನು ಜನ್ಮದಲ್ಲಿ ಆ ಕಾಲೇಜಿನ ಹೆಸರೆತ್ತುವುದಿಲ್ಲ ಎಂದ. ನಾನು ಬಾ ಎಂದೆ. ಬಾ ಎನ್ನುವುದು ಸುಲಭ. ಅವನನ್ನು ಒಳಗೆ ಸೇರಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ.

ಘಟಕದ ಆ ಸಲದ ಸಮಾವೇಶ ರಿಯಾದಿನಾಚೆಯ ಒಂದು ಇಸ್ತಿರಾಹದಲ್ಲಿ, ಎಂದರೆ ಇಲ್ಲಿಯವರು ಹಬ್ಬಹರಿದಿನಕ್ಕೆ ಬಾಡಿಗೆಗೆ ಹಿಡಿಯುವ ತೋಟದ ಮನೆಯಲ್ಲಿ. ಶುಕ್ರವಾರ ಬೆಳಿಗ್ಗೆ ಫ್ಲೆಕ್ಸ್ ಬಿಚ್ಚಿದಾಗ ಸಾಹೇಬರ ಮುಖ ಕಪ್ಪಿಟ್ಟಿತು. ಕನ್ನಡ ಬಾರದ ಪ್ರೆಸ್ಸಿನವನು ‘ಭಾ’ದ ಸೀಳನ್ನು ಯಾವುದೋ ಕೊಳೆಯೆಂದು ತಿಳಿದು, ಪಾಪ, ಶ್ರದ್ಧೆಯಿಂದ ಒರೆಸಿಬಿಟ್ಟಿದ್ದ. ಇಷ್ಟು ಓದಿದವರ ಸಂಘಕ್ಕೆ ಇಂಥ ಬೋರ್ಡೇ ಎಂದು ಅವರು ಸಂಕಟಪಟ್ಟರು. ಬೇರೆಯದನ್ನು ಮಾಡಿಸಲು ಹೊತ್ತಿಲ್ಲದೆ ಅದನ್ನೇ ಗೇಟಿಗೆ ಕಟ್ಟಿದೆವು. ಜುಮ್ಮಾ ನಮಾಜು ಮುಗಿದು ಎಲ್ಲರೂ ಸೇರಿದರೂ ಹನೀಫನ ಸುಳಿವಿಲ್ಲ. ಬರಲಾರ ಎಂದುಕೊಳ್ಳುವಾಗ ಬಂದು, ಬಾಗಿಲ ಹತ್ತಿರವೇ ಕೂತ.

ಪರಿಚಯ ಶುರುವಾಯಿತು. ರಾಬಿಗ್‌ನ ರಿಫೈನರಿಯಿಂದ ವಿಮಾನ ಹತ್ತಿ ಬಂದ ಎಂಜಿನಿಯರೊಬ್ಬ ತನ್ನ ಬ್ಯಾಚು, ತನ್ನ ರ‍್ಯಾಂಕು, ತನ್ನ ಹುದ್ದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೂತ. ಸರದಿ ಬಾಗಿಲ ಕಡೆಗೆ ಸರಿಯಿತು. ಹನೀಫ್ ಎದ್ದು ಹೆಸರು ಹೇಳಿದ. ಸಾಹೇಬರು ಬ್ಯಾಚು ಕೇಳಿದರು.

“ನನಗೆ ಬ್ಯಾಚ್ ಇಲ್ಲ. ಎರಡನೇ ವರ್ಷದಲ್ಲಿ ಬಿಟ್ಟು ಬಂದದ್ದು. ಗೇಟಿನ ತನಕ ಬಂದು ಗಾಡಿ ತಿರುಗಿಸಿದ್ದೆ. ಮತ್ತೆ ಬೋರ್ಡು ಕಂಡಿತು. ಬಾವೈಕ್ಯ ಅಂತ ಉಂಟಲ್ಲ, ಬಾವಂದಿರಿಗೆ ಆದ್ರೆ ನನಗೂ ಉಂಟು ಅಂತ ಒಳಗೆ ಬಂದೆ.”

ಯಾರೋ ನಗಲು ಹೋಗಿ ನುಂಗಿಕೊಂಡರು. ನಿಯಮ ಮಾಡಿದವರು ಏನೆನ್ನುತ್ತಾರೋ ಎಂದು ಎಲ್ಲರೂ ಸಾಹೇಬರ ಮುಖ ನೋಡಿದೆವು. ಅವರು ಹಾಸ್ಟೆಲಿನಲ್ಲಿ ಯಾವ ರೂಮು ಎಂದು ಕೇಳಿದರು.

“ಮೆಸ್ಸಿನ ಹಿಂದಿನದ್ದು ಬಾವ. ಬೆಳಿಗ್ಗೆ ಕಿಟಕಿಯಲ್ಲಿ ಹೊಗೆ ಬರ್ತಿತ್ತು.”

ಬಾಯಿತಪ್ಪಿ ಬಂದ ಆ ‘ಬಾವ’ಕ್ಕೆ ಹನೀಫನೇ ಬೆಚ್ಚಿದ. ಝುಬೇರ್ ಸಾಹೇಬರ ಮುಖದ ಗಂಟು ಸಡಿಲಾದದ್ದನ್ನು ನಾನು ಕಣ್ಣಾರೆ ಕಂಡೆ. ನನಗಂತೂ ಕಣ್ಣು ತುಂಬಿತು, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

“ಆ ಹೊಗೆ ನಾನೂ ಕುಡಿದದ್ದೇ ಮಾರಾಯ,” ಎಂದರು ಸಾಹೇಬರು. “ಡಿಗ್ರಿ ಕೊಡೋದು ಯೂನಿವರ್ಸಿಟಿ. ನಮ್ಮನ್ನು ಬಾವ ಮಾಡಿದ್ದು ಹಾಸ್ಟೆಲು. ಬಾಗಿಲಲ್ಲಿ ಎಂತ ಕೂತದ್ದು? ಇಲ್ಲಿ ಬಾ.”

ಊಟಕ್ಕೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅನ್ನ ಮಾಂಸದ ದೊಡ್ಡ ತಟ್ಟೆಗಳನ್ನಿಟ್ಟಾಗ, ಬಾವನಿಗೆ ಮೊದಲು ಎಂಬ ಹಳೆಯ ಕ್ರಮ ತಾನಾಗಿ ನೆನಪಾಯಿತು. ಸಾಹೇಬರೇ ಮೆತ್ತನೆಯ ತುಂಡೊಂದನ್ನು ಮುರಿದು ಹನೀಫನ ಕಡೆಗೆ ಸರಿಸಿದರು. ಬ್ಯಾಚಿನ ನಿಯಮವನ್ನು ತಿದ್ದಲು ಯಾರೂ ಸಭೆ ಕರೆಯಲಿಲ್ಲ. ಅದು ಅಲ್ಲೇ ಅನ್ನದೊಂದಿಗೆ ಕರಗಿಹೋಯಿತು. ರಾಬಿಗ್‌ನ ಎಂಜಿನಿಯರೂ ಸಂಜೆಯೊಳಗೆ ತನ್ನ ರ‍್ಯಾಂಕನ್ನು ಮರೆತು, ಮೆಸ್ಸಿನ ಸಾರಿನಲ್ಲಿ ಬೇಳೆ ಹುಡುಕಿದ ಕಥೆ ಹೇಳುತ್ತಿದ್ದ. ಹನೀಫ್ ಅಂಗಳದಾಚೆ ನಿಂತು ಮಗಳಿಗೆ ಫೋನು ಮಾಡಿ, ತನ್ನ ರೂಮಿನ ಕಿಟಕಿ ಎಲ್ಲಿದೆ ನೋಡಿ ಬಾ ಎಂದು ದಾರಿ ವಿವರಿಸುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು.

ಎಷ್ಟೋ ವರ್ಷ ನಾವು ಘಟಕ ಯಾಕೆ ಬೆಳೆಯುತ್ತಿಲ್ಲವೆಂದು ತಲೆ ಕೆಡಿಸಿಕೊಂಡಿದ್ದೆವು. ಬರಬೇಕಾದವರು ಗೇಟಿನ ಹೊರಗೇ ಇರಬಹುದೆಂದು ನಮಗೆ ಹೊಳೆದಿರಲಿಲ್ಲ. ಸಂಜೆ, ಹಫ್ರಿನ ತನಕ ಐದು ಗಂಟೆ ಹಿಡಿಯುವ ದಾರಿಗೆ ಹೊರಟ ಹನೀಫ್ ಕಾರಿನ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದ.

“ಇನ್ನೊಮ್ಮೆ ಮೂರು ಜನಕ್ಕೆ ಜಾಗ ಇಡಿ ಬಾವ. ಹಫ್ರಿನಲ್ಲಿ ನಮ್ಮ ಹಾಸ್ಟೆಲಿನವರು ಇನ್ನೂ ಇಬ್ಬರಿದ್ದಾರೆ. ಅವರೂ ಪಾಸಾದವರಲ್ಲ.”