ಸಬ್‌ವೂಫರಿಗೆ ಇಟ್ಟ ಕೆಂಪು ಚುಕ್ಕೆ

ಸಾಸಲು ಊರಿನ ಹೊಲದಿಂದ ಬರುವಾಗ ಡಿಕ್ಕಿಯಲ್ಲಿದ್ದ ಗುದ್ದಲಿಯ ಕಾವು ಚುಚ್ಚಿ ನನ್ನ ಕಾರಿನ ದೊಡ್ಡ ಸ್ಪೀಕರಾದ ಸಬ್‌ವೂಫರಿನ ಕಪ್ಪು ಕಾಗದ ಹರಿದುಹೋಯಿತು. ದೊಡ್ಡಬಳ್ಳಾಪುರದ ಮೊದಲನೇ ಅಂಗಡಿಯವನು ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಇದರ ಕಥೆ ಮುಗೀತು ಗುರು. ಹೊಸದು ಹಾಕಿಸ್ಕೊಳ್ಳಿ, ಹಳೇದು ಇಲ್ಲೇ ಬಿಟ್ಟೋಗಿ," ಎಂದ.

ಕೆಟ್ಟುಹೋದದ್ದು ಅವನಿಗೇಕೆ ಬೇಕು? ಸಿಟ್ಟಿನಿಂದ ಎದ್ದುಬಂದೆ.

ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯ ಮುದುಕ, "ಕಾಗದ ಒಂದು ಬದಲಾಯಿಸಿದ್ರೆ ಸಾಕು, ತಂದ್ಕೊಡಿ," ಎಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಸುಲಭ ಅನ್ನುವವನು ಒಳಗಿನ ಅಯಸ್ಕಾಂತವನ್ನೇ ಹೊಡೆದುಕೊಂಡು ಬೇರೆ ಯಾವುದನ್ನೋ ತುರುಕಿದರೆ? ಕೊಡುವ ಮೊದಲು ಮನೆಯಲ್ಲಿ ಹೆಂಡತಿಯ ನೇಲ್ ಪಾಲಿಶ್‌ನಿಂದ ಅದಕ್ಕೊಂದು ಕೆಂಪು ಚುಕ್ಕೆ ಇಟ್ಟೆ. ಕಬ್ಬಿಣದ ಚೌಕಟ್ಟಿನ ಮೇಲಿಟ್ಟರೆ ಒರೆಸಿಬಿಟ್ಟಾನೆಂದು ಕಾಗದದ ಮೇಲಿಟ್ಟೆ.

ಎರಡು ದಿನ ಬಿಟ್ಟು ಹೋದರೆ ಚುಕ್ಕೆ ಇರಲಿಲ್ಲ.

"ಏನ್ರೀ, ನನ್ನ ಪೀಸನ್ನೇ ಬದಲಾಯಿಸ್ಬಿಟ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಮುದುಕ ಡ್ರಾಯರಿನಿಂದ ಹಳೆಯ ಕಾಗದವನ್ನು ತೆಗೆದು ಮುಂದಿಟ್ಟ. ಹರಿದ ಜಾಗದ ಪಕ್ಕದಲ್ಲೇ ಕೆಂಪು ಚುಕ್ಕೆಯಿತ್ತು. ಬದಲಾಯಿಸಬೇಕಾದ ಕಾಗದಕ್ಕೇ ನಾನು ಗುರುತು ಹಾಕಿದ್ದೆ.

"ಗುರುತು ಮಾಡಿ ತರೋರು ಆಮೇಲೆ ಕೂಗಾಡ್ತಾರೆ. ಅದಕ್ಕೇ ಎತ್ತಿಟ್ಟಿದ್ದೆ ಸಾರ್," ಎಂದ.

ನಾಚಿಕೆಯಿಂದ ತಲೆ ತಗ್ಗಿಸಿ, ಆ ಹರಿದ ಕಾಗದವನ್ನೂ ಕೇಳಿ ಪಡೆದುಕೊಂಡು ಮನೆಗೆ ಬಂದೆ. ಬಂದವನೇ ಬಾಗಿಲು ಹಾಕಿಕೊಂಡು ಹೆಂಡತಿಯ ನೇಲ್ ಪಾಲಿಶ್ ಬಾಟಲಿ ತೆರೆದು, ಬಾಟಲಿಯ ಬಣ್ಣವೂ ಕಾಗದದ ಚುಕ್ಕೆಯೂ ಒಂದೇ ಕೆಂಪೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.