ಬಸಕ್ಕನ ಎಡಗೈ, ಬಲಗೈ

ಗಾಂಧಿ ಬಜಾರಿನ ನನ್ನ ಅಂಗಡಿಯ ರೇಷ್ಮೆ ಸೀರೆಗಳಿಗೆ ಹದಿನಾರು ವರ್ಷದಿಂದ ಕುಚ್ಚು ಕಟ್ಟುತ್ತಿರುವವರು ಭದ್ರಾವತಿ ಓಲ್ಡ್ ಟೌನಿನ ಬಸವರಾಜೇಶ್ವರಿ. ಎಲ್ಲರ ಬಾಯಲ್ಲಿ ಬಸಕ್ಕ. ಸೆರಗಿನ ಎಳೆಗಳನ್ನು ಗಂಟು ಹಾಕಿ ಗೊಂಚಲು ಮಾಡುವ ಈ ಕೆಲಸಕ್ಕೆ ಬೆರಳು ನುಣುಪಾಗಿರಬೇಕು. ಒರಟಾದರೆ ರೇಷ್ಮೆ ಸಿಕ್ಕಿಕೊಂಡು ಎಳೆ ಏಳುತ್ತದೆ, ಸೀರೆ ನನ್ನ ತಲೆಗೆ ಬರುತ್ತದೆ.

ಹೋದ ಮಾಘದಲ್ಲಿ ಒಂದು ಮದುವೆಯ ಹನ್ನೆರಡು ಸೀರೆ ಹೊತ್ತು ಹೋದೆ. ಬಸಕ್ಕನ ಹತ್ತೂ ಬೆರಳು ಕೆಂಪಾಗಿ, ಸಿಪ್ಪೆ ಎದ್ದು, ಅಲ್ಲಲ್ಲಿ ಬಿರಿದಿದ್ದವು.

“ಇಸಬು, ಸಾಹುಕಾರ್ರೇ. ಹಿಂಗೇ ಆದ್ರೆ ಇನ್ನು ಗೋಣಿಚೀಲ ಹೊಲಿಯೋದೇ.”

ಅವರ ಗಂಡ ಮುರುಗೇಶಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಫೋನು ನೋಡಿಯೇ ಅರ್ಧ ವೈದ್ಯರಾದವರು. ಅದೇ ಫೋನಿನಲ್ಲಿ ಯಾರೋ ಡಾಕ್ಟರಿಂದ ಚೀಟಿ ಬರೆಸಿಕೊಂಡು ಒಂದು ಮುಲಾಮಿನ ಡಬ್ಬಿ ತರಿಸಿದ್ದರು.

“ಸಿಬಿಡಿ ಅಂತ. ಗಾಂಜಾ ಗಿಡದಿಂದ ತೆಗ್ದಿದ್ದು,” ಎಂದರು, ದೇವರ ಪ್ರಸಾದ ತೋರಿಸುವಂತೆ.

“ಪೊಲೀಸ್ರು ಬಂದ್ರೆ ನಾನು ಸೀರೆ ತಗೊಂಡು ಹಿಂದಿನ ಬಾಗಿಲಿಂದ ಹೋಗ್ತೀನಿ,” ಎಂದೆ.

“ನಶೆ ಏರಿಸೋ ಅಂಶ ಬೇರೆ ಮಾರಾಯ್ರೆ, ಇದು ಬೇರೆ. ಇದು ತುರಿಕೆ, ಉರಿ ಕಮ್ಮಿ ಮಾಡುತ್ತಂತೆ.”

“ನಶೆ ಏರಂಗಿದ್ರೆ ನನ್ ಕೈಗೆ ಯಾಕೆ ಕೊಡ್ತಿದ್ರು, ತಾವೇ ನೆಕ್ತಿದ್ರು,” ಎಂದರು ಬಸಕ್ಕ.

ಬಸಕ್ಕ ಯಾವುದನ್ನೂ ಸುಮ್ಮನೆ ನಂಬುವವರಲ್ಲ. ಹೊಸ ದಾರ ಬಂದರೆ ಒಂದು ತುಂಡು ನೆನೆಸಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸೂಜಿಗೆ ಪೋಣಿಸುತ್ತಾರೆ. ಮುಲಾಮಿಗೂ ಅದೇ ಮರ್ಯಾದೆ: ಎಡಗೈಗೆ ಮುಲಾಮು, ಬಲಗೈಗೆ ಕೊಬ್ಬರಿ ಎಣ್ಣೆ, ಹತ್ತು ದಿನ.

ಹತ್ತು ದಿನ ಬಿಟ್ಟು ಹೋದೆ. ಎಡಗೈ ಹೆಚ್ಚುಕಮ್ಮಿ ವಾಸಿಯಾಗಿತ್ತು, ಬಲಗೈ ಮೊದಲಿನಂತೆಯೇ. ಮುರುಗೇಶಪ್ಪ ತಾವೇ ಆ ಗಿಡ ಬೆಳೆದವರಂತೆ ನಿಂತಿದ್ದರು. ಅಂಗಡಿಯಲ್ಲಿ ಸೀರೆಯ ಪಕ್ಕದ ಕಪಾಟಿನಲ್ಲಿ ಈ ಡಬ್ಬಿಗಳನ್ನೂ ಮಾರಾಟಕ್ಕೆ ಜೋಡಿಸಿದರೆ ಹೇಗೆ ಕಾಣುತ್ತದೆ ಎಂದು ನಾನೂ ಮನಸ್ಸಿನಲ್ಲೇ ನೋಡಿಕೊಂಡೆ. ಆದರೆ ಗಂಟು ಹಾಕುವುದು ಬಲಗೈ. ಧಾರೆ ಸೀರೆಯೂ ಸೇರಿ ಇನ್ನೂ ಏಳು ಉಳಿದಿದ್ದವು, ಮದುವೆಗೆ ಮೂರು ವಾರ.

“ಬಲಗೈಗೂ ಅದನ್ನೇ ಬಳೀರಿ ಬಸಕ್ಕ.”

“ಕೈ ನೋಡಿ ಹೇಳೋ ಡಾಕ್ಟರೊಬ್ರಿಗೆ ತೋರಿಸಿ ಆಮೇಲೆ ಬಳೀತೀನಿ.”

ಮಾರನೆಯ ದಿನ ನನ್ನ ಕಾರಿನಲ್ಲೇ ವಿನೋಬನಗರದ ಚರ್ಮದ ಡಾಕ್ಟರ್ ದೀಪಶ್ರೀ ಅವರಲ್ಲಿಗೆ ಹೋದೆವು. ಅವರು ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದರು.

“ತಳ್ಳಿಹಾಕೋ ವಸ್ತು ಅಲ್ಲ ಇದು. ಇಸಬು, ಮೊಡವೆ, ಸೋರಿಯಾಸಿಸ್, ಇವಕ್ಕೆಲ್ಲ ಉಪಯೋಗ ಆಗ್ಬಹುದು ಅಂತ ನೋಡ್ತಿದ್ದಾರೆ. ಆದ್ರೆ ಆಗಿರೋದೆಲ್ಲ ಸಣ್ಣ ಸಣ್ಣ ಪರೀಕ್ಷೆಗಳು. ಭರವಸೆ ಇದೆ, ಖಾತ್ರಿ ಇಲ್ಲ.” ಆಮೇಲೆ ಕೇಳಿದರು, “ಅಮ್ಮಾ, ಕೆಲಸದಲ್ಲಿ ನಿಮ್ಮ ಎರಡೂ ಕೈ ಒಂದೇ ಕೆಲಸ ಮಾಡ್ತಾವಾ?”

ಬಸಕ್ಕ ಮಾಡಿ ತೋರಿಸಿದರು. ಎಡಗೈ ಸೆರಗು ಹಿಡಿಯುತ್ತದೆ. ಬಲಗೈ ಗಂಟು ಹಾಕಿ, ಅದು ಬಿಚ್ಚದಂತೆ ಬೆರಳ ತುದಿಯಿಂದ ಅಂಟು ಸವರುತ್ತದೆ.

“ಈ ಅಂಟು ಯಾವಾಗಿಂದ?”

“ದಸರಾದಿಂದ. ಬೇಗ ಆಗುತ್ತೆ ಅಂತ ಸಾಹುಕಾರ್ರೇ ತಂದ್ಕೊಟ್ರು.”

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಮೊಡವೆಯ ಚಿತ್ರ ನೋಡಿದೆ.

“ಎಡಗೈಗೆ ಅಂಟು ತಾಗೋದು ಅಪರೂಪ, ಬಲಗೈಗೆ ದಿನಾ. ಹಾಗಾದ್ರೆ ಎಡಗೈ ವಾಸಿಯಾಗಿದ್ದು ಮುಲಾಮಿಂದ ಅಂತ ಹೇಗೆ ಹೇಳ್ತೀರಿ?”

ಬಸಕ್ಕ ಎರಡೂ ಕೈ ತಿರುಗಿಸಿ ನೋಡಿಕೊಂಡರು. “ನಿಜ. ನನ್ ಪರೀಕ್ಷೇಲೇ ಐಬು.”

ಅಂಟು ಬಂದ್, ಬಲಗೈಗೆ ಒಂದು ವಾರ ಬೇರೆ ಔಷಧಿ, ತುರಿಕೆಗೆ ಬೇಕಾದರೆ ಎರಡೂ ಕೈಗೆ ಸಿಬಿಡಿ, ಉರಿ ಬಂದರೆ ನಿಲ್ಲಿಸಬೇಕು. ಇಷ್ಟು ಬರೆದುಕೊಟ್ಟರು.

ಕಾರಿನಲ್ಲಿ ಬಸಕ್ಕ ಹೇಳಿದರು, “ಅಂಟಿಲ್ದೆ ಎರಡೆರಡು ಗಂಟು ಹಾಕ್ಬೇಕು. ಧಾರೆ ಸೀರೆ ಮೊದ್ಲು ಕೊಡ್ತೀನಿ. ಬೀಗರಿಗೆ ಉಡುಗೊರೆ ಕೊಡೋವು ಕೊನೇಗೆ. ಉಡುಗೊರೆ ಸೀರೇಲಿ ಅಂಚು ನೋಡ್ತಾರೆ, ಕುಚ್ಚು ಯಾರು ನೋಡ್ತಾರೆ?”

ಬೇರೆ ದಾರಿ ಇರಲಿಲ್ಲ. ಉಪಕಾರ ಮಾಡುವವನ ದನಿಯಲ್ಲಿ ಒಪ್ಪಿದೆ.

ಎರಡು ವಾರದಲ್ಲಿ ಬಲಗೈಯೂ ವಾಸಿಯಾಯಿತು. ಮುರುಗೇಶಪ್ಪನವರ ಪ್ರಕಾರ ಎಲ್ಲ ಡಬ್ಬಿಯ ಮಹಿಮೆ. ಬಸಕ್ಕನನ್ನು ಕೇಳಿದೆ.

“ಹಚ್ಚಿದ್ರೆ ತುರಿಕೆ ಇಳಿಯುತ್ತೆ, ಅದು ನಂಗೆ ಗೊತ್ತು. ಬಿರುಕು ಮುಚ್ಚಿದ್ದು ಯಾವುದರಿಂದ ಅಂತ ಗೊತ್ತಿಲ್ಲ. ಗೊತ್ತಿಲ್ದಿದ್ನ ಹೇಳಲ್ಲ.”

ಡಬ್ಬಿಗೆ ಅಂದುಕೊಂಡಿದ್ದ ಕಪಾಟಿನ ಜಾಗದಲ್ಲಿ ಕರವಸ್ತ್ರ ಇಟ್ಟೆ.

ಧಾರೆ ಸೀರೆ ತರಲು ಹೋದ ದಿನ ಬಸಕ್ಕ ಕೊನೆಯ ಗೊಂಚಲನ್ನು ಬೆರಳ ನಡುವೆ ಎಳೆದು ಬಿಟ್ಟರು. ಒಂದೆಳೆಯೂ ಏಳಲಿಲ್ಲ. ನಾನು ನೋಡುತ್ತಲೇ ನಿಂತೆ.

“ನಿಂತ್ಕೊಂಡ್ರೆ ಉಳಿದಿದ್ದು ಬೇಗ ಆಗಲ್ಲ ಸಾಹುಕಾರ್ರೇ. ಬುಧವಾರ ಬನ್ನಿ. ಈಗ ಟೀ ಕುಡೀರಿ.”

ಕುಡಿದೆ. ಟೀಯಲ್ಲಿ ಶುಂಠಿ ಒಂದಿಷ್ಟು ಜಾಸ್ತಿಯೇ ಇತ್ತು, ಚೆನ್ನಾಗಿತ್ತು.